ಕೊಲ್ಲಾಪುರ ಕಲಿಸುವ ಪಾಠ



ದೂಧಗಂಗೆಯ ದಡದ ನಮಗೆ ಕೊಲ್ಲಾಪುರ ಪರಸ್ಥಳವಲ್ಲ. ವ್ಯಾಪಾರಕ್ಕೂ ಆಸ್ಪತ್ರೆಗೂ ಹೋಗಿಬರುತ್ತೇವೆ. ಆದರೆ ಆ ನಗರವು ತನ್ನ ಕಾಲವನ್ನು ಮೀರಿ ಯೋಚಿಸಿದ ಬಗೆಯನ್ನು ನಮ್ಮ ಮಕ್ಕಳಿಗೆ ತಿಳಿಸಿದ್ದೇವೆಯೇ?

1902ರ ಜುಲೈ 26ರಂದು ಶಾಹೂ ಮಹಾರಾಜರು ಸಂಸ್ಥಾನದಲ್ಲಿ ತೆರವಾಗುವ ಹುದ್ದೆಗಳ ಪೈಕಿ ಶೇ. 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಆ ವ್ಯಾಖ್ಯೆಯೊಳಗೆ ಮುಸ್ಲಿಮರೂ ಸೇರಿದ್ದರು. ಆದರೆ ಹುದ್ದೆ ಕಾದಿರಿಸಿದರೆ ಸಾಲದು, ಅದಕ್ಕೆ ತಕ್ಕ ವಿದ್ಯಾವಂತರೂ ಬೇಕು. ನಗರದಲ್ಲಿ ಶಾಲೆಯಿದ್ದರೂ ಹಳ್ಳಿಯ ಬಡ ಬಾಲಕನಿಗೆ ತಂಗಲು ಸೂರು, ಉಣ್ಣಲು ಅನ್ನ ಇರಲಿಲ್ಲ. ಆದ್ದರಿಂದಲೇ ಮರಾಠರು, ಜೈನರು, ಲಿಂಗಾಯತರು, ದಲಿತರು ಹೀಗೆ ಒಂದೊಂದು ಸಮುದಾಯಕ್ಕೂ ವಿದ್ಯಾರ್ಥಿನಿಲಯಗಳು ತಲೆಯೆತ್ತಿದವು. 1906ರಲ್ಲಿ ಮುಸ್ಲಿಮ್ ಬೋರ್ಡಿಂಗ್ ಆರಂಭವಾಯಿತು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮತ್ತು ಉಚಿತಗೊಳಿಸಲಾಯಿತು.

ಅದೇ ಆಸ್ಥಾನದ ಗಾಯಕರು ಉಸ್ತಾದ್ ಅಲ್ಲಾದಿಯಾ ಖಾನ್. ಕೇಸರಬಾಯಿ ಕೇರ್ಕರ್, ಮೋಗೂಬಾಯಿ ಕುರ್ಡೀಕರ್ ಅವರ ಶಿಷ್ಯೆಯರು. ನಮ್ಮ ಧಾರವಾಡ ಸೀಮೆಯ ಮಲ್ಲಿಕಾರ್ಜುನ ಮನ್ಸೂರರು ವಿದ್ಯೆ ಪಡೆದದ್ದು ಉಸ್ತಾದರ ಪುತ್ರರಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಿಂದ. ಕಲಿಯುವವರಿಗೂ ಕಲಿಸುವವರಿಗೂ ಧರ್ಮ, ಭಾಷೆ ಅಡ್ಡಬರಲಿಲ್ಲ.

ಬಂಧುಗಳೇ, ಇಂದು ಮಹಾರಾಜರಿಲ್ಲವೆಂದು ಕೈಕಟ್ಟಿ ಕೂರೋಣವೇ? ಒಂದು ರಾತ್ರಿಯ ಮದುವೆ ಮಂಟಪದ ಆಡಂಬರಕ್ಕೆ ಸುರಿಯುವ ಹಣದಲ್ಲಿ, ಶಾಲೆ ಬಿಡುವ ಅಂಚಿನಲ್ಲಿರುವ ಒಬ್ಬ ಹೆಣ್ಣುಮಗಳನ್ನಾದರೂ ಓದಿಸಲಾಗದೇ? ಕೊಲ್ಲಾಪುರವನ್ನು ಹಿರಿದಾಗಿಸಿದ್ದು ಬರಿಯ ಅರಮನೆಯಲ್ಲ. ಬಡ ಮಕ್ಕಳಿಗಾಗಿ ಒಲೆ ಹೊತ್ತಿಸಿದ ಆ ವಿದ್ಯಾರ್ಥಿನಿಲಯಗಳು. ಅಂಥ ಒಂದು ಒಲೆ ನಮ್ಮೂರಿನಲ್ಲೂ ಹೊತ್ತಲಿ.