ಸಬ್‌ಮರೀನ್‌ಗೆ ಯಾವ ಎಂಜಿನ್? ಉತ್ತರ ನಮ್ಮೂರ ಬಾವೀಲಿದೆ

ನಾನು ಬಿಳಿಚೋಡಿನಿಂದ ಮಾತಾಡ್ತಿದೀನಿ. ಜಗಳೂರು ತಾಲ್ಲೂಕು, ಬರಕ್ಕೆ ಹೆಸರಾದ ಸೀಮೆ. ಇಲ್ಲಿ ಕೂತ್ಕೊಂಡು ಸಬ್‌ಮರೀನ್ ವಿಷಯ ಎತ್ತಿದ್ರೆ ನಗು ಬರಬಹುದು. ನಗಿ, ಪರವಾಗಿಲ್ಲ. ಆದ್ರೆ ನೀರಿನ ಹತ್ತಿರ ಎಂಜಿನ್ ಇಳಿಸಿದ ಅನುಭವ ನಮ್ಮ ಕಡೆ ರೈತರಿಗೆ ಇರೋಷ್ಟು ಯಾರಿಗಿದೆ?

ಹೊರದೇಶಗಳಲ್ಲಿ ಕೆಲವು ಹವ್ಯಾಸಿಗಳು ಶೆಡ್ಡಿನಲ್ಲೇ ಒಬ್ಬಿಬ್ಬರು ಕೂರೋ ಸಬ್‌ಮರೀನ್ ಕಟ್ತಾರೆ. ಅಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತೆ. ಮುಳುಗಿದ ಮೇಲೆ ಅದನ್ನ ಓಡಿಸೋದು ಬ್ಯಾಟರಿ ಮತ್ತು ಮೋಟಾರು. ನಮ್ಮ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಪಂಪಿನ ಥರಾನೇ. ಪ್ರಶ್ನೆ ಇರೋದು ನೀರಿನ ಮೇಲೆ ತೇಲ್ಕೊಂಡು ಹೋಗುವಾಗ. ಪೆಟ್ರೋಲಾ, ಡೀಸೆಲ್ಲಾ, ಬರೀ ಬ್ಯಾಟರಿನಾ?

ಇದಕ್ಕೆ ಮೊದಲು ಬಾವಿ ಕಥೆ ಕೇಳಿ. ಪಂಪು ಕೆಳಗಿಂದ ನೀರನ್ನ ಹೀರೋದು ಸುಮಾರು 7 ಮೀಟರ್‌ವರೆಗೆ ಮಾತ್ರ. ತೆರೆದ ಬಾವಿಯಲ್ಲಿ ನೀರು ಅದಕ್ಕಿಂತ ಕೆಳಗೆ ಹೋದ್ರೆ ಎಂಜಿನ್ನನ್ನೇ ಒಳಗೆ ಇಳಿಸ್ತಿದ್ರು. ಹೊಗೆ ಬಾವಿಯಲ್ಲೇ ನಿಲ್ತಿತ್ತು. ಇಳಿದವನು ಬೀಳ್ತಿದ್ದ, ಅವನನ್ನ ಎತ್ತೋಕೆ ಹೋದವನೂ ಬೀಳ್ತಿದ್ದ. ಇಳಿಯೋ ಮುಂಚೆ ದೀಪ ಬಿಟ್ಟು ನೋಡೋ ಪದ್ಧತಿ ಇದೆ. ಆಮ್ಲಜನಕ ಇಲ್ಲ ಅಂದ್ರೆ ದೀಪ ಆರುತ್ತೆ, ನಿಜ. ಆದ್ರೆ ಎಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ದೀಪಕ್ಕೆ ಗೊತ್ತೇ ಆಗಲ್ಲ. ದೀಪ ಉರೀತಾ ಇರುತ್ತೆ, ಮನುಷ್ಯ ಹೋಗಿರ್ತಾನೆ.

ಸಬ್‌ಮರೀನ್ ಅಂದ್ರೆ ಮುಚ್ಚಳ ಹಾಕಿದ ಬಾವಿ.

ಲೆಕ್ಕ ಹಾಕೋಣ. ಒಂದು ಲೀಟರ್ ಡೀಸೆಲ್ ಉರಿಯೋಕೆ ಸುಮಾರು 10,000 ಲೀಟರ್ ಗಾಳಿ ಬೇಕು. ಒಬ್ಬ ಮನುಷ್ಯ ಇಡೀ ದಿನ ಉಸಿರಾಡೋದು ಹೆಚ್ಚುಕಮ್ಮಿ ಅಷ್ಟೇ. 5 ಎಚ್‌ಪಿ ಎಂಜಿನ್ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತೆ. ಪುಟ್ಟ ಸಬ್‌ಮರೀನ್ ಒಳಗೆ 2,000 ಲೀಟರ್ ಗಾಳಿ ಇದೆ ಅಂದ್ಕೊಳ್ಳಿ. ಎಂಜಿನ್ ಓಡ್ತಿರುವಾಗ ಮೇಲಿನ ಬಾಗಿಲು ಮುಚ್ಚಿಕೊಂಡ್ರೆ, ಹತ್ತು ಹನ್ನೆರಡು ನಿಮಿಷಕ್ಕೆ ಆಗೋಷ್ಟು ಗಾಳಿ ಮಾತ್ರ ಅದು. ಅದನ್ನೇ ನೀವೂ ಉಸಿರಾಡ್ತಿರ್ತೀರಿ.

ಈಗ ಒಂದೊಂದೇ ನೋಡೋಣ.

ಪೆಟ್ರೋಲ್ ಎಂಜಿನ್ ಹಗುರ, ಅಗ್ಗ. ಆದ್ರೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಸೇರ್ಕೊಂಡು ಒಂದು ಕಿಡಿಗೆ ಕಾಯ್ತಿರುತ್ತೆ. 1900ರಲ್ಲಿ ಅಮೆರಿಕ ನೌಕಾಪಡೆ ಕೊಂಡುಕೊಂಡ ಹಾಲೆಂಡ್ ಸಬ್‌ಮರೀನ್‌ನಲ್ಲಿ ಇದ್ದದ್ದು 45 ಎಚ್‌ಪಿಯ ಪೆಟ್ರೋಲ್ ಎಂಜಿನ್ನೇ. 1905ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಎ5 ಐರ್ಲೆಂಡಿನ ಬಂದರಿನಲ್ಲಿ ನಿಂತಿದ್ದಾಗಲೇ ಪೆಟ್ರೋಲ್ ಆವಿ ಸ್ಫೋಟಿಸಿ 6 ಜನ ಸತ್ತರು. ಅದು ಮುಳುಗಿರಲೂ ಇಲ್ಲ.

ಡೀಸೆಲ್ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳಲ್ಲ. 2017ರಲ್ಲಿ ನಮ್ಮ ನೌಕಾಪಡೆ ಸೇರಿದ ಐಎನ್‌ಎಸ್ ಕಲ್ವರಿ ಕೂಡ ಡೀಸೆಲ್-ಎಲೆಕ್ಟ್ರಿಕ್. ಆದ್ರೆ ಭಾರ ಜಾಸ್ತಿ, ಬಿಸಿ ಜಾಸ್ತಿ. ಜೊತೆಗೆ ಗಾಳಿ ಒಳಗೆ ಬರೋಕೆ ಒಂದು ತೂತು, ಹೊಗೆ ಹೊರಗೆ ಹೋಗೋಕೆ ಇನ್ನೊಂದು. ಮುಳುಗೋ ಮುಂಚೆ ಪ್ರತಿಸಲವೂ ಎರಡೂ ಮುಚ್ಚಲೇಬೇಕು. ಮರೆತ್ರೆ ಏನಾಗುತ್ತೆ? ಬ್ರಿಟನ್ನಿನ ಕೆ13 ಉಗಿಯಿಂದ ಓಡೋ ಸಬ್‌ಮರೀನ್. 1917ರ ಜನವರಿ 29ರಂದು ಗಾಳಿ ಕಿಂಡಿಗಳು ತೆರೆದಿದ್ದಾಗಲೇ ಮುಳುಗಿತು. 32 ಜನ ವಾಪಸ್ ಬರಲಿಲ್ಲ. ನೌಕಾಪಡೆಯ ನುರಿತ ಸಿಬ್ಬಂದಿಗೇ ಹೀಗಾದ್ರೆ, ಭಾನುವಾರ ಮಾತ್ರ ಬಿಡುವಿರೋ ಹವ್ಯಾಸಿಯ ಗತಿ ಏನು?

ಮನೆಯಲ್ಲಿ ಕಟ್ಟಿದ ಡೀಸೆಲ್ ಸಬ್‌ಮರೀನ್ ಇಲ್ಲವೇ ಇಲ್ಲ ಅಂತಲ್ಲ. ಜರ್ಮನಿಯ ಕಾರ್ಸ್ಟನ್ ಸ್ಟಾಂಡ್‌ಫುಸ್ ಅವರ ಯೂರೋನಾಟ್ ಇದೆ. ಆದ್ರೆ ಅದು 16 ಮೀಟರ್ ಉದ್ದ. ಎಂಜಿನ್ನಿಗೆ ಬೇರೆಯದೇ ಜಾಗ ಕೊಡೋಷ್ಟು ದೊಡ್ಡದು.

ಇನ್ನು ಬ್ಯಾಟರಿ. ಮನೆಯ 150 ಎಎಚ್ ಇನ್ವರ್ಟರ್ ಬ್ಯಾಟರಿ ಒಂದೊಂದೂ 50 ಕೆಜಿ ದಾಟುತ್ತೆ. ಒಂದು ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಮಾಡೋ ಕೆಲಸಕ್ಕೆ ಇಂಥವು ಮೂರಾದ್ರೂ ಬೇಕು. ಭಾರ ನೋಡಿ ಹೆದರಬೇಡಿ, ಮುಳುಗೋಕೆ ಹೇಗೂ ಭಾರ ಬೇಕೇ ಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಹಾಗಾಗಿ ಬಾಗಿಲು ತೆರೆದು ಗಾಳಿ ಆಡೋ ಹಾಗೆ ಇಟ್ಟೇ ಚಾರ್ಜ್ ಮಾಡಬೇಕು. ವೇಗ ಅಂದ್ರೆ ನಡಿಗೆಯಷ್ಟು. ಅಮೆರಿಕದ ಜಾರ್ಜ್ ಕಿಟ್ರೆಜ್ ಹವ್ಯಾಸಿಗಳಿಗೆ ಅಂತ ರೂಪಿಸಿದ ಒಬ್ಬರೇ ಕೂರೋ ಕೆ-250ರಲ್ಲಿ ಎಂಜಿನ್ನೇ ಇಲ್ಲ, ಬರೀ ಬ್ಯಾಟರಿ.

ಹಾಗಾದ್ರೆ ದೂರ ಹೋಗೋದು ಹೇಗೆ? ದೋಣಿಗೆ ಹಗ್ಗ ಕಟ್ಟಿ ಎಳಿಸಿಕೊಂಡು ಹೋಗಿ. ಎಂಜಿನ್ ದೋಣಿಯಲ್ಲಿರಲಿ, ಹೊಗೆ ಆಕಾಶಕ್ಕೆ ಹೋಗಲಿ. ಏನಾದ್ರೂ ಎಡವಟ್ಟಾದ್ರೆ ಮೇಲೆ ಕಾಯೋಕೆ ಜನಾನೂ ಇರ್ತಾರೆ. ಪುಟ್ಟ ಸಬ್‌ಮರೀನ್‌ಗೆ ನನ್ನ ಓಟು ಇದಕ್ಕೇ. ಅಂಥ ವಿಡಿಯೊ ಮತ್ತೆ ಬಂದಾಗ ಎಷ್ಟು ಎಚ್‌ಪಿ ಅಂತ ಕೇಳೋ ಮೊದಲು, ಎಷ್ಟು ತೂತು ಇವೆ, ಯಾರು ಮುಚ್ತಾರೆ ಅಂತ ಕೇಳಿ.

ನಿಮ್ಮಲ್ಲಿ ಸಬ್‌ಮರೀನ್ ಕಟ್ಟೋರು ಯಾರೂ ಇಲ್ಲದೆ ಇರಬಹುದು. ಆದ್ರೆ ಕರೆಂಟ್ ಹೋದಾಗ ಜನರೇಟರ್ ಹಾಕೋರು ಇದೀರಿ, ಅಪ್ಪನ ಜೊತೆ ಬಾವಿ ಕೆಲಸಕ್ಕೆ ಹೋಗೋರು ಇದೀರಿ. ಮುಚ್ಚಿದ ಕೋಣೆಯಲ್ಲಿ ಜನರೇಟರ್ ಓಡಿಸಬೇಡಿ. ಬಾವಿಯೊಳಗೆ ಯಾರಾದ್ರೂ ಕುಸಿದು ಬಿದ್ರೆ ನೀವೂ ಇಳಿಯಬೇಡಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ. 112 ಒತ್ತಿದ್ರೆ ಸಾಕು.