ದಾನಿಗೆ ಲೆಕ್ಕ ಕೊಡೋಣ, ನೊಂದವಳ ಗುಟ್ಟನ್ನಲ್ಲ

(ಮಹಿಳಾ ಸ್ವಸಹಾಯ ಸಂಘಗಳ ತಾಲ್ಲೂಕು ಸಭೆಯಲ್ಲಿ ಮಾಡಿದ ಭಾಷಣ)

ಅಕ್ಕತಂಗಿಯರೇ,

ಬೆಳಿಗ್ಗೆಯಿಂದ ವರದಕ್ಷಿಣೆಯ ಬಗ್ಗೆ, ಮನೆಯೊಳಗಿನ ಹೊಡೆತದ ಬಗ್ಗೆ ಮಾತಾಡಿದ್ದೇವೆ. ಈಗ ನಾನು ಹಣದ ಬಗ್ಗೆ ಮಾತಾಡುತ್ತೇನೆ. ಚಳವಳಿಯಲ್ಲಿರುವ ನಾವು ಹಣದ ಮಾತೆತ್ತಲು ಸಂಕೋಚಪಡುತ್ತೇವೆ. ಆದರೆ ರಾತ್ರಿ ಹತ್ತು ಗಂಟೆಗೆ ಉಟ್ಟ ಸೀರೆಯಲ್ಲೇ ಮಗುವನ್ನು ಎತ್ತಿಕೊಂಡು ಬಂದವಳಿಗೆ ಮೊದಲು ಬೇಕಾದದ್ದು ಊಟ, ಹಾಸಿಗೆ, ಆಸ್ಪತ್ರೆಗೆ ಹೋಗಲು ಆಟೋ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅವಳಿಗೆ ಆ ಮನೆಯಲ್ಲೇ ವಾಸಿಸುವ ಹಕ್ಕನ್ನೂ ಜೀವನಾಂಶ ಕೇಳುವ ಹಕ್ಕನ್ನೂ ಕೊಟ್ಟಿದೆ. ಆದರೆ ಕೋರ್ಟಿನ ಆದೇಶ ಕೈಗೆ ಬರುವ ತನಕ ಬಸ್ ಚಾರ್ಜು, ಜೆರಾಕ್ಸು, ಮಗುವಿನ ಹಾಲಿಗೆ ಯಾರಾದರೂ ದುಡ್ಡು ಹಾಕಲೇಬೇಕು.

ಮೊದಲು ನಾವು ರಸೀದಿ ಪುಸ್ತಕ ಹಿಡಿದು ಮನೆಮನೆ ಸುತ್ತುತ್ತಿದ್ದೆವು. 2016ರಲ್ಲಿ ಯುಪಿಐ ಬಂದ ಮೇಲೆ, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿಯುವ ನಮ್ಮೂರ ಹುಡುಗಿಯೂ ಕೂತಲ್ಲಿಂದಲೇ ಐವತ್ತು ರೂಪಾಯಿ ಕಳಿಸಬಹುದು. ಇದು ದೊಡ್ಡ ಅನುಕೂಲ. ಆದರೆ ಕಣ್ಣಿಗೆ ಕಾಣದ ಹಣಕ್ಕೆ ಕಾವಲು ಹೆಚ್ಚು ಬೇಕು.

ಹಣ ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೇ ಬರಬೇಕು. ಅಧ್ಯಕ್ಷೆಯ ಫೋನಿಗೂ ಬೇಡ, ಕಾರ್ಯದರ್ಶಿಯ ಮಗನ ಫೋನಿಗೂ ಬೇಡ. ಖಾತೆಗೆ ಇಬ್ಬರ ಸಹಿ ಇರಲಿ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನು ಆಗಾಗ ಸ್ಕ್ಯಾನ್ ಮಾಡಿ, ಸಂಸ್ಥೆಯ ಹೆಸರೇ ಬರುತ್ತದೆಯೇ ನೋಡಿ. ಅದರ ಮೇಲೆ ಬೇರೆಯವರು ತಮ್ಮದನ್ನು ಅಂಟಿಸಿ ಹೋಗುವುದುಂಟು. 'ದೇಣಿಗೆ ಕಳಿಸುತ್ತೇನೆ, ಪಿನ್ ಒತ್ತಿ' ಎಂದು ಯಾರಾದರೂ ಹೇಳಿದರೆ ಅದು ಮೋಸ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ.

ಇನ್ನು ದಾನಿಗಳ ಪುಸ್ತಕ. ಮದುವೆಯ ಮುಯ್ಯಿ ಪುಸ್ತಕ ನಮಗೆಲ್ಲ ಗೊತ್ತು. ಯಾರು, ಯಾವತ್ತು, ಎಷ್ಟು ಕೊಟ್ಟರು ಎಂದು ಬರೆದಿಟ್ಟು ನೆನಪಿನಿಂದ ತೀರಿಸುತ್ತೇವೆ. ಇಲ್ಲಿ ತೀರಿಸುವುದು ಹಣದಿಂದಲ್ಲ, ಲೆಕ್ಕದಿಂದ. ಹೆಸರು, ಫೋನು, ತಾರೀಖು, ಮೊತ್ತ, ಯಾವ ಕೆಲಸಕ್ಕೆ ಕೊಟ್ಟರು, ರಸೀದಿ ಸಂಖ್ಯೆ ಇಷ್ಟು ಕಾಲಂ ಸಾಕು. ಬಂದ ದಿನವೇ ರಸೀದಿ ಕಳಿಸಿ. ಆರು ತಿಂಗಳಿಗೊಮ್ಮೆ ಖರ್ಚಿನ ಲೆಕ್ಕ ಕಳಿಸಿ. ವಾರವಾರ ಕೇಳಬೇಡಿ. ಕೊಡುವುದು ನಿಲ್ಲಿಸಿದವರಿಗೂ ಒಮ್ಮೆ ಫೋನ್ ಮಾಡಿ, ಹಣ ಕೇಳದೆ ಕ್ಷೇಮ ವಿಚಾರಿಸಿ.

ತೆರಿಗೆ ರಿಯಾಯಿತಿ ಸಿಗುತ್ತದೆಂದು ಬಾಯಿಗೆ ಬಂದಂತೆ ಹೇಳಬೇಡಿ. 80ಜಿ ಎಂದು ಜನ ಕರೆಯುವ ಮಾನ್ಯತೆ ಪಡೆದ ಟ್ರಸ್ಟ್ ಅಥವಾ ಸಂಸ್ಥೆಗೆ ಕೊಟ್ಟರೆ ಮಾತ್ರ ಅದು. ನಮ್ಮ ಉಳಿತಾಯ ಸಂಘಕ್ಕೆ ಕೊಟ್ಟರೆ ಇಲ್ಲ. 2017ರಿಂದ, 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟ ದಾನಕ್ಕೂ ಇಲ್ಲ. ಹೊರದೇಶದ ಹಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಮೆರಿಕದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವ ನಮ್ಮೂರವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕೊಡಬಹುದು. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆ. 2010ರ ವಿದೇಶಿ ದೇಣಿಗೆ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಒಬ್ಬ ದಾನಿ ಫೋನ್ ಮಾಡಿ ನನಗೆ ಹೇಳಿದರು: "ಸುಟ್ಟ ಗಾಯದ ಫೋಟೋ ಹಾಕಿ ಮೇಡಂ, ದುಡ್ಡು ತಾನಾಗೇ ಬರುತ್ತೆ." ಅವರ ಉದ್ದೇಶ ಕೆಟ್ಟದ್ದಲ್ಲ. ಆದರೂ ನಾವು ಹಾಕಲಿಲ್ಲ. ಫೋನಿಗೆ ಹಾಕಿದ ಚಿತ್ರ ದಾನಿಯ ಹತ್ತಿರವೇ ನಿಲ್ಲುವುದಿಲ್ಲ. ಅವಳ ಗಂಡನ ಕೈಗೆ ಹೋಗುತ್ತದೆ. ಹಿಂದೆ ಕಾಣುವ ಗೇಟು ನೋಡಿ ಅವಳಿರುವ ಜಾಗ ಪತ್ತೆ ಮಾಡುತ್ತಾನೆ. ಕೋರ್ಟಿನಲ್ಲಿ ಎದುರು ವಕೀಲರು ಅದನ್ನೇ ತೋರಿಸಿ 'ಹಣಕ್ಕಾಗಿ ಕಟ್ಟಿದ ಕತೆ' ಎನ್ನುತ್ತಾರೆ. ಹತ್ತು ವರ್ಷದ ಮೇಲೆ ಅವಳ ಮಗಳು ಅದನ್ನು ನೋಡುತ್ತಾಳೆ.

'ಅವಳೇ ಒಪ್ಪಿದ್ದಾಳಲ್ಲ' ಎಂದು ಕೆಲವರು ಕೇಳುತ್ತಾರೆ. ನಮ್ಮ ಬಾಗಿಲಲ್ಲಿ ಬರಿಗೈಲಿ ನಿಂತವಳು ಏನು ಕೇಳಿದರೂ ಹೂಂ ಅನ್ನುತ್ತಾಳೆ. ಬೇಡ ಎಂದರೂ ಊಟ ತಪ್ಪುವುದಿಲ್ಲ ಎಂಬ ಧೈರ್ಯ ಇದ್ದಾಗ ಹೇಳಿದ್ದು ಮಾತ್ರ ಒಪ್ಪಿಗೆ. ಹೆಸರು ಬಿಟ್ಟರೂ ಸಾಲದು. ಮೂರು ಹೆಣ್ಣುಮಕ್ಕಳು, ಗಂಡ ಲಾರಿ ಡ್ರೈವರ್ ಎಂದರೆ ಸಣ್ಣ ಊರಿನಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಹಾಗಾದರೆ ಏನು ಹೇಳಿ ಕೇಳುವುದು? ಖರ್ಚನ್ನು ಹೇಳೋಣ. ತಾಯಿ ಮಗುವಿನ ಒಂದು ದಿನದ ಊಟಕ್ಕೆ ಇಷ್ಟು, ಕೋರ್ಟಿಗೆ ಒಂದು ಸಲ ಹೋಗಿಬರಲು ಇಷ್ಟು. ಈ ವರ್ಷ ಎಷ್ಟು ಜನ ಬಂದರು, ಎಷ್ಟು ಜನರಿಗೆ ಆದೇಶ ಸಿಕ್ಕಿತು. ಇದನ್ನು ಕೇಳಿ ಕೊಡುವವರು ನಿಧಾನವಾಗಿ ಕೊಡಬಹುದು, ಆದರೆ ವರ್ಷವರ್ಷವೂ ಕೊಡುತ್ತಾರೆ.

ಇನ್ನೊಂದು ವಿಷಯ. ಒಬ್ಬರೇ ಇಪ್ಪತ್ತು ಸಾವಿರ ಕೊಟ್ಟರೆ, ನಾಳೆ ತಮ್ಮ ನೆಂಟರ ಕೇಸಿನಲ್ಲಿ 'ಸ್ವಲ್ಪ ರಾಜಿ ಮಾಡಿಸಿ' ಎಂದು ಬಂದು ಕೂರಬಹುದು. ಇನ್ನೂರು ಜನ ನೂರು ನೂರು ಕೊಟ್ಟರೆ ಅದೇ ಇಪ್ಪತ್ತು ಸಾವಿರ. ಆಗ ನಮ್ಮನ್ನು ಬಗ್ಗಿಸುವವರು ಯಾರೂ ಇಲ್ಲ.

ಆದ್ದರಿಂದ ಗೆಳತಿಯರೇ, ನಿಮ್ಮ ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ ಮೂರು ಗೊತ್ತುವಳಿ ಬರೆಯಿರಿ. ಹಣ ಸಂಸ್ಥೆಯ ಖಾತೆಗೆ ಮಾತ್ರ. ದಾನಿಗಳ ಪುಸ್ತಕ ಬೇರೆ, ನೊಂದವರ ಪುಸ್ತಕ ಬೇರೆ. ಎರಡೂ ಒಂದೇ ಫೋನಿನಲ್ಲಿ ಇರಕೂಡದು. ಎಷ್ಟೇ ಹಣ ಬರುವುದಿದ್ದರೂ ಯಾವ ಹೆಣ್ಣಿನ ಮುಖವನ್ನೂ ತೋರಿಸಿ ಕೇಳುವುದಿಲ್ಲ. ವರದಕ್ಷಿಣೆಯ ಮನೆಯಲ್ಲಿ ಅವಳಿಗೆ ಬೆಲೆ ಕಟ್ಟಿಯಾಗಿದೆ. ನಮ್ಮ ಬಾಗಿಲಲ್ಲಿ ಮತ್ತೊಮ್ಮೆ ಕಟ್ಟುವುದು ಬೇಡ.