ಪಹಣಿಯಲ್ಲಿ ಇಲ್ಲದವರು

ಯುರೋಪಿನ ಇತ್ತೀಚಿನ ಸ್ವತಂತ್ರ ಚಿತ್ರಗಳ ಬಗ್ಗೆ ಮಾತಾಡಿ ಎಂದು ಸಂಘದವರು ಕೇಳಿದಾಗ, ನನ್ನನ್ನು ಬಿಡದೆ ಕಾಡುತ್ತಿರುವ ಒಂದನ್ನೇ ಹಿಡಿದುಕೊಳ್ಳೋಣ ಅನ್ನಿಸಿತು. ಕಾರ್ಲಾ ಸಿಮೋನ್ ನಿರ್ದೇಶಿಸಿದ ‘ಅಲ್ಕರಾಸ್’. 2022ರಲ್ಲಿ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್ ಗೆದ್ದ ಕತಲಾನ್ ಚಿತ್ರ.

ಸ್ಪೇನಿನಲ್ಲಿ ಸೋಲೆ ಮನೆತನದವರು ತಲೆಮಾರುಗಳಿಂದ ಪೀಚ್ ತೋಟ ಮಾಡಿಕೊಂಡಿದ್ದಾರೆ. ಅಂತರ್ಯುದ್ಧದ ಕಾಲದಲ್ಲಿ ಇವರ ಹಿರಿಯರು ಜಮೀನ್ದಾರರನ್ನು ಬಚ್ಚಿಟ್ಟು ಕಾಪಾಡಿದ್ದರು. ಆ ಋಣಕ್ಕೆ ತೋಟ ಸಿಕ್ಕಿದ್ದು ಬಾಯಿಮಾತಿನಲ್ಲಿ. ಈಗಿನ ವಾರಸುದಾರ ಪಿನ್ಯೋಲ್ ಮರ ಕೀಳಿಸಿ ಸೋಲಾರ್ ಫಲಕ ಹಾಕಿಸಲು ಹೊರಟಾಗ ಮನೆಮಂದಿ ಪತ್ರ ಹುಡುಕುತ್ತಾರೆ. ಮಾತು ಕೊಟ್ಟಿದ್ದರಲ್ಲ ಎನ್ನುವುದಷ್ಟೇ ಅಜ್ಜನ ಉತ್ತರ.

ನಟರಲ್ಲಿ ಬಹುಪಾಲು ಆ ಸೀಮೆಯ ಜನರೇ. ಹಣ್ಣು ಕೀಳುವ ಅವರ ಕೈಗಳನ್ನು ನೋಡಿದರೆ ಸಾಕು, ಅಭಿನಯ ಅನ್ನಿಸುವುದಿಲ್ಲ. ಮನೆಯ ಯಜಮಾನ ಕಿಮೆಟ್ ಸೊಂಟನೋವಿನಲ್ಲೂ ಎಲ್ಲರನ್ನೂ ಗದರುತ್ತಾ ದುಡಿಯುತ್ತಾನೆ. ಆಮೇಲೊಮ್ಮೆ ಮಕ್ಕಳ ಎದುರೇ ಅತ್ತುಬಿಡುತ್ತಾನೆ. ಏನು ಮಾಡಬೇಕೆಂದು ತೋಚದೆ ಮಕ್ಕಳು ಅಪ್ಪನನ್ನೇ ನೋಡುತ್ತಾರೆ. ಬೆಲೆ ಸಿಗದ ರೈತರು ಹಣ್ಣನ್ನು ಬೀದಿಗೆ ಸುರಿಯುವ ದೃಶ್ಯವೂ ಇದೆ; ಕೋಲಾರದ ಟೊಮೆಟೊ ಬೆಳೆಗಾರರನ್ನು ಕಂಡ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಚಿತ್ರದಲ್ಲಿ ನನಗೆ ಕಂಡದ್ದು ತುಮಕೂರು ಜಿಲ್ಲೆಯ ಪಾವಗಡ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು; ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಬರದ ಸೀಮೆಗೆ ಅದು ದೊಡ್ಡ ಆಸರೆ, ನಾನದನ್ನು ಅಲ್ಲಗಳೆಯಲಾರೆ. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತವರಿಗೆ, ಕುರಿ ಮೇಯಿಸಿದವರಿಗೆ ಯಾವ ಪತ್ರವೂ ಇಲ್ಲ.

ಪತ್ರದ ಮಾತು ಬಂತಲ್ಲ, ನಮ್ಮ ‘ತಿಥಿ’ ನೆನಪಿಸಿಕೊಳ್ಳಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ, ಮಂಡ್ಯದ ನೊದೆಕೊಪ್ಪಲಿನ ಜನರೇ ನಟಿಸಿದ ಚಿತ್ರ. ಅಲ್ಲಿ ಐದೆಕರೆ ಮಾರಲು ಮಗ, ಬದುಕಿರುವ ಅಪ್ಪ ಗಡ್ಡಪ್ಪನ ಮರಣಪತ್ರವನ್ನೇ ಮಾಡಿಸುತ್ತಾನೆ. ಒಂದು ಕಡೆ ಕಾಗದವಿಲ್ಲದೆ ತೋಟ ಹೋಗುತ್ತದೆ, ಇನ್ನೊಂದು ಕಡೆ ಕಾಗದವೇ ಮನುಷ್ಯನನ್ನು ಸಾಯಿಸುತ್ತದೆ. ಈ ಎರಡು ಚಿತ್ರಗಳನ್ನು ಒಟ್ಟಿಗೆ ತೋರಿಸಬೇಕೆಂಬುದು ನನ್ನ ಆಸೆ.

ಈ ಪಹಣಿಯ ಮಾತು ನಮಗೂ ತಾಗುತ್ತದೆ. ಇಸಿಐಎಲ್, ಸುತ್ತಲಿನ ಕಾರ್ಖಾನೆ ಎಂದು ಕೆಲಸ ಹಿಡಿದು ಹೈದರಾಬಾದಿನ ಕುಷಾಯಿಗೂಡಕ್ಕೆ ಬಂದವರು ನಾವು. ನಮ್ಮಲ್ಲಿ ಕೆಲವರ ಹೆಸರು ಊರಿನ ಪಹಣಿಯಲ್ಲಿ ಇನ್ನೂ ಇದ್ದೀತು, ಉಳುತ್ತಿರುವವರು ಬೇರೆಯವರು. ಕಿಮೆಟ್‌ಗಾಗಿ ಕಣ್ಣು ಒದ್ದೆಯಾಗುತ್ತದೆ, ನಿಜ. ಆದರೆ ಆ ಕಥೆಯಲ್ಲಿ ನಮ್ಮ ಜಾಗ ಪಿನ್ಯೋಲ್‌ನದು. ಸಿಮೋನ್ ಅವನನ್ನು ಖಳನಾಯಕನನ್ನಾಗಿ ಮಾಡಿಲ್ಲ. ಫಲಕ ನೋಡಿಕೊಳ್ಳುವ ಕೆಲಸ ಕೊಡುತ್ತೇನೆ ಎಂದು ಅವನೇ ಮುಂದೆ ಬರುತ್ತಾನೆ. ಮನೆಯಲ್ಲಿ ಬಿರುಕು ಬಿಡುವುದು ಅಲ್ಲಿಂದಲೇ.

ಊರಲ್ಲಿ ಹೊಲ ವಾರಕ್ಕೆ ಕೊಟ್ಟವರು ಇಲ್ಲಿದ್ದರೆ, ಚರ್ಚೆಯಲ್ಲಿ ಮೊದಲು ಅವರೇ ಮಾತಾಡಲಿ ಎಂದು ಕೇಳಿಕೊಳ್ಳುತ್ತೇನೆ.